ಮೌಂಟೇನ್ ಬೈಕ್: ಸಸ್ಪೆನ್ಷನ್ ಟ್ರಾವೆಲ್ ಎಷ್ಟಿರಬೇಕು?

1. ಪೀಠಿಕೆ

ಮೌಂಟೇನ್ ಬೈಕ್ ಖರೀದಿಸಲು ಇಚ್ಛಿಸುವವರು ಮೊದಲು ನಿರ್ಧರಿಸಬೇಕಾದ ಅಂಶಗಳಲ್ಲಿ ಸಸ್ಪೆನ್ಷನ್ ಟ್ರಾವೆಲ್ ಪ್ರಮುಖವಾದುದು. ಕಲ್ಲು, ಬೇರು, ಹಳ್ಳಗಳ ಮೇಲೆ ಸಾಗುವಾಗ ಆಘಾತವನ್ನು ತಡೆದುಕೊಳ್ಳಲು ಚಕ್ರವು ಮೇಲಕ್ಕೆ ಚಲಿಸಬಲ್ಲ ಗರಿಷ್ಠ ಅಂತರವನ್ನು ಟ್ರಾವೆಲ್ ಎಂದು ಕರೆಯಲಾಗುತ್ತದೆ. ಇದನ್ನು ಮಿಲಿಮೀಟರ್‌ಗಳಲ್ಲಿ ಸೂಚಿಸಲಾಗುತ್ತದೆ. 1990ರ ಸುಮಾರಿಗೆ ಮಾರುಕಟ್ಟೆಗೆ ಬಂದ ರಾಕ್‌ಶಾಕ್ಸ್ ಸಂಸ್ಥೆಯ ಮೊದಲ ಫೋರ್ಕ್ ಸುಮಾರು 50 ಮಿ.ಮೀ. ಟ್ರಾವೆಲ್ ಹೊಂದಿತ್ತು. ಈಗ 200 ಮಿ.ಮೀ. ಟ್ರಾವೆಲ್‌ನ ಫೋರ್ಕ್‌ಗಳೂ ದೊರೆಯುತ್ತವೆ. ಇದರಿಂದಾಗಿ ಟ್ರಾವೆಲ್ ಹೆಚ್ಚಿದಷ್ಟೂ ಸೈಕಲ್ ಉತ್ತಮ ಎಂಬ ಭಾವನೆ ಬೆಳೆದಿದ್ದು, ಇದು ಸರಿಯಲ್ಲ. ಸವಾರನು ಸಾಮಾನ್ಯವಾಗಿ ಸಂಚರಿಸುವ ದಾರಿಗೆ ತಕ್ಕಷ್ಟು ಟ್ರಾವೆಲ್ ಇದ್ದರೆ ಸಾಕು.

2. ಹೆಚ್ಚು ಟ್ರಾವೆಲ್‌ನಿಂದಾಗುವ ಅನುಕೂಲ ಮತ್ತು ಅನನುಕೂಲ

ಕಡಿದಾದ ಇಳಿಜಾರು ಹಾಗೂ ದೊಡ್ಡ ಬಂಡೆಗಳಿರುವ ದಾರಿಯಲ್ಲಿ ಹೆಚ್ಚು ಟ್ರಾವೆಲ್ ಇರುವ ಸೈಕಲ್ ನೆಲದ ಹಿಡಿತವನ್ನು ಉಳಿಸಿಕೊಳ್ಳುತ್ತದೆ ಮತ್ತು ಸವಾರನ ಆಯಾಸವನ್ನು ತಗ್ಗಿಸುತ್ತದೆ. ಆದರೆ ಅಂತಹ ಸೈಕಲ್‌ನ ತೂಕ ಹೆಚ್ಚು, ಬೆಲೆ ಹೆಚ್ಚು ಹಾಗೂ ನಿರ್ವಹಣಾ ವೆಚ್ಚವೂ ಹೆಚ್ಚು. ಏರುದಾರಿಯಲ್ಲಿ ಪೆಡಲ್ ತುಳಿಯುವ ಶಕ್ತಿಯ ಒಂದು ಭಾಗ ಸಸ್ಪೆನ್ಷನ್‌ನ ಏರಿಳಿತದಲ್ಲಿಯೇ ವ್ಯಯವಾಗುತ್ತದೆ. ಅಗತ್ಯಕ್ಕಿಂತ ಹೆಚ್ಚು ಟ್ರಾವೆಲ್ ಕೊಂಡವರು ಪ್ರತಿ ಏರಿನಲ್ಲಿಯೂ ಅದರ ಬೆಲೆ ತೆರುತ್ತಾರೆ.

3. ದಾರಿಗೆ ಅನುಗುಣವಾದ ಟ್ರಾವೆಲ್

ಸಾಮಾನ್ಯ ಮಾರ್ಗದರ್ಶಿ ಈ ಕೆಳಕಂಡಂತಿರುತ್ತದೆ.

ಅ) ಡಾಂಬರು ರಸ್ತೆ ಮತ್ತು ಸಮತಟ್ಟಾದ ಮಣ್ಣುದಾರಿ: ಸಸ್ಪೆನ್ಷನ್ ಇಲ್ಲದ ಫೋರ್ಕ್ ಸಾಕಾಗುತ್ತದೆ. ನಂದಿಬೆಟ್ಟದ ಡಾಂಬರು ರಸ್ತೆಯನ್ನು ಏರುವವರಿಗೆ ಸಸ್ಪೆನ್ಷನ್ ಕೇವಲ ಹೆಚ್ಚುವರಿ ತೂಕವಾಗುತ್ತದೆ. ಅಗಲವಾದ ಟೈರ್‌ನಲ್ಲಿ ಗಾಳಿಯ ಒತ್ತಡವನ್ನು ಸರಿಯಾಗಿ ಹೊಂದಿಸಿದರೆ ಸಣ್ಣ ಕುಲುಕಾಟ ನಿವಾರಣೆಯಾಗುತ್ತದೆ.

ಆ) ಕ್ರಾಸ್ ಕಂಟ್ರಿ: 100ರಿಂದ 120 ಮಿ.ಮೀ. ಏರು ಮತ್ತು ಇಳಿವುಗಳೆರಡೂ ಇರುವ, ದೂರದ ಸವಾರಿಗೆ ಸೂಕ್ತ. 1996ರ ಅಟ್ಲಾಂಟಾ ಕ್ರೀಡಾಕೂಟದಿಂದ ಒಲಿಂಪಿಕ್ಸ್‌ನಲ್ಲಿರುವ ಮೌಂಟೇನ್ ಬೈಕ್ ಸ್ಪರ್ಧೆ ಈ ವಿಭಾಗದ್ದಾಗಿದೆ.

ಇ) ಟ್ರೇಲ್: 120ರಿಂದ 150 ಮಿ.ಮೀ. ಕಲ್ಲು ಬೇರುಗಳಿಂದ ಕೂಡಿದ ಕಿರುದಾರಿಗಳಿಗೆ ಸೂಕ್ತ.

ಈ) ಎಂಡ್ಯೂರೋ: 150ರಿಂದ 180 ಮಿ.ಮೀ. ಕಠಿಣ ಇಳಿಜಾರುಗಳಲ್ಲಿ ವೇಗವಾಗಿ ಇಳಿಯುವವರಿಗೆ ಮಾತ್ರ.

ಉ) ಡೌನ್‌ಹಿಲ್: ಸುಮಾರು 200 ಮಿ.ಮೀ. ಇಂತಹ ಸೈಕಲ್‌ಗಳನ್ನು ಸಾಮಾನ್ಯವಾಗಿ ವಾಹನ ಅಥವಾ ರೋಪ್‌ವೇ ಮೂಲಕ ಮೇಲಕ್ಕೆ ಸಾಗಿಸಲಾಗುತ್ತದೆ. ದಿನನಿತ್ಯದ ಬಳಕೆಗೆ ಯೋಗ್ಯವಲ್ಲ.

4. ಸೀಮಿತ ಹಣವಿದ್ದಲ್ಲಿ

ಮುಂಭಾಗದಲ್ಲಿ ಮಾತ್ರ ಸಸ್ಪೆನ್ಷನ್ ಇರುವ ಸೈಕಲ್ಲನ್ನು ಹಾರ್ಡ್‌ಟೇಲ್ ಎಂದೂ, ಎರಡೂ ಚಕ್ರಗಳಿಗೆ ಇರುವುದನ್ನು ಫುಲ್ ಸಸ್ಪೆನ್ಷನ್ ಎಂದೂ ಕರೆಯುತ್ತಾರೆ. ಕಡಿಮೆ ಬೆಲೆಯ ಫುಲ್ ಸಸ್ಪೆನ್ಷನ್ ಸೈಕಲ್‌ಗಳಲ್ಲಿ ಹಲವು ಬಾರಿ ಭಾರವಾದ ಸ್ಪ್ರಿಂಗ್ ಮಾತ್ರವಿದ್ದು, ಅದರ ಮರುಜಿಗಿತವನ್ನು ನಿಯಂತ್ರಿಸುವ ಡ್ಯಾಂಪರ್ ಇರುವುದಿಲ್ಲ. ಇಳಿಜಾರಿನಲ್ಲಿ ಸ್ಪ್ರಿಂಗ್ ಒಮ್ಮೆಲೇ ಮೇಲಕ್ಕೆ ಚಿಮ್ಮಿದಲ್ಲಿ ಸವಾರನು ಹತೋಟಿ ಕಳೆದುಕೊಳ್ಳುವ ಅಪಾಯವಿರುತ್ತದೆ. ಆದುದರಿಂದ ಅದೇ ಮೊತ್ತಕ್ಕೆ ಉತ್ತಮ ಫೋರ್ಕ್ ಮತ್ತು ಡಿಸ್ಕ್ ಬ್ರೇಕ್ ಇರುವ, 100ರಿಂದ 120 ಮಿ.ಮೀ. ಟ್ರಾವೆಲ್‌ನ ಹಾರ್ಡ್‌ಟೇಲ್ ಆಯ್ಕೆ ಮಾಡಿಕೊಳ್ಳುವುದು ಸೂಕ್ತ.

5. ಖರೀದಿಯ ನಂತರ ಪರೀಕ್ಷಿಸುವ ವಿಧಾನ

ಸವಾರನು ಕುಳಿತಾಗ ಅವನ ಭಾರದಿಂದಲೇ ಸಸ್ಪೆನ್ಷನ್ ತುಸು ಕುಸಿಯುತ್ತದೆ. ಇದನ್ನು ಸ್ಯಾಗ್ ಎನ್ನುತ್ತಾರೆ. ಕ್ರಾಸ್ ಕಂಟ್ರಿ ಸೈಕಲ್‌ಗೆ ಶೇ. 20ರಿಂದ 25 ಹಾಗೂ ಟ್ರೇಲ್ ಸೈಕಲ್‌ನ ಹಿಂದಿನ ಶಾಕ್‌ಗೆ ಶೇ. 25ರಿಂದ 30ರಷ್ಟು ಸ್ಯಾಗ್ ಸಾಮಾನ್ಯ. ಉದಾಹರಣೆಗೆ, 120 ಮಿ.ಮೀ. ಫೋರ್ಕ್‌ನಲ್ಲಿ ಶೇ. 20ರಿಂದ 25 ಎಂದರೆ 24ರಿಂದ 30 ಮಿ.ಮೀ. ಆಗುತ್ತದೆ. ಫೋರ್ಕ್‌ನ ಕೊಳವೆಯ ಮೇಲಿರುವ ರಬ್ಬರ್ ಉಂಗುರವನ್ನು ಕೆಳಕ್ಕೆ ತಳ್ಳಿ, ನಿಧಾನವಾಗಿ ಕುಳಿತು, ನಿಧಾನವಾಗಿ ಇಳಿದು, ಉಂಗುರ ಸರಿದಿರುವ ಅಂತರವನ್ನು ಅಳೆಯತಕ್ಕದ್ದು. ಏರ್ ಫೋರ್ಕ್‌ನಲ್ಲಿ ಶಾಕ್ ಪಂಪ್‌ನಿಂದ ಗಾಳಿಯ ಒತ್ತಡವನ್ನು ಹೆಚ್ಚು ಕಡಿಮೆ ಮಾಡಿ ಇದನ್ನು ಸರಿಪಡಿಸಬಹುದು. ಹೆಚ್ಚು ತೂಕದ ಸವಾರರಿಗೆ ಬೇಕಾಗಿರುವುದು ಹೆಚ್ಚು ಒತ್ತಡವೇ ಹೊರತು ಹೆಚ್ಚು ಟ್ರಾವೆಲ್ ಅಲ್ಲ.

ಸ್ಯಾಗ್ ಸರಿಯಿದ್ದು, ತಾನು ಹೋಗುವ ಅತಿ ಕಠಿಣ ದಾರಿಯಲ್ಲಿಯೂ ಉಂಗುರವು ಕೊನೆಯ ಭಾಗವನ್ನು ಎಂದೂ ತಲುಪದಿದ್ದಲ್ಲಿ, ಆ ಸವಾರನಿಗೆ ಅಷ್ಟು ಟ್ರಾವೆಲ್‌ನ ಅಗತ್ಯವಿಲ್ಲವೆಂದು ತಿಳಿಯಬಹುದು. ಪದೇ ಪದೇ ಕೊನೆ ಮುಟ್ಟಿ ಬಡಿಯುತ್ತಿದ್ದಲ್ಲಿ ಮೊದಲು ಒತ್ತಡವನ್ನು ಪರಿಶೀಲಿಸಿ, ಅನಂತರವೇ ಬದಲಾವಣೆಯ ಬಗ್ಗೆ ಯೋಚಿಸಬೇಕು.

6. ಗಮನಿಸಬೇಕಾದ ಇತರೆ ಅಂಶಗಳು

• ಹಿಂದಿನ ಶಾಕ್ ಸಂಕುಚಿಸುವ ಅಳತೆಯೇ ಚಕ್ರದ ಟ್ರಾವೆಲ್ ಅಲ್ಲ. 50 ಮಿ.ಮೀ. ಸಂಕುಚಿಸುವ ಶಾಕ್, 2.6ರ ಸರಾಸರಿ ಅನುಪಾತದಲ್ಲಿ 130 ಮಿ.ಮೀ. ಟ್ರಾವೆಲ್ ನೀಡುತ್ತದೆ.

• ಚೌಕಟ್ಟಿನ ತಯಾರಕರು ಸೂಚಿಸಿರುವ ಮಿತಿಗಿಂತ ಉದ್ದದ ಫೋರ್ಕ್ ಅಳವಡಿಸಬಾರದು. 20 ಮಿ.ಮೀ. ಉದ್ದ ಹೆಚ್ಚಿದರೆ ಹ್ಯಾಂಡಲ್‌ನ ಕೋನ ಸುಮಾರು ಒಂದು ಡಿಗ್ರಿ ಬದಲಾಗುತ್ತದೆ, ಚೌಕಟ್ಟಿನ ಮೇಲೆ ಒತ್ತಡವೂ ಹೆಚ್ಚುತ್ತದೆ.

• ಟ್ರಾವೆಲ್ ಎಷ್ಟೇ ಇದ್ದರೂ ಹೆಲ್ಮೆಟ್ ಧರಿಸತಕ್ಕದ್ದು.

7. ಉಪಸಂಹಾರ

ವರ್ಷಕ್ಕೊಮ್ಮೆ ಕೈಗೊಳ್ಳುವ ಪ್ರವಾಸವನ್ನು ಗಮನದಲ್ಲಿಟ್ಟುಕೊಂಡು ಸೈಕಲ್ ಕೊಳ್ಳುವುದಕ್ಕಿಂತ ಪ್ರತಿ ವಾರ ಸಂಚರಿಸುವ ದಾರಿಯನ್ನು ಆಧರಿಸಿ ನಿರ್ಧರಿಸುವುದು ಹಿತಕರ. ಎರಡು ಅಳತೆಗಳ ನಡುವೆ ಸಂದೇಹ ಉಂಟಾದಲ್ಲಿ, ಕಡಿಮೆ ಟ್ರಾವೆಲ್‌ನ ಸೈಕಲ್ ಆರಿಸಿ, ಉಳಿದ ಹಣವನ್ನು ಉತ್ತಮ ಬ್ರೇಕ್, ಟೈರ್ ಮತ್ತು ಹೆಲ್ಮೆಟ್‌ಗೆ ವಿನಿಯೋಗಿಸುವುದು ಬಹುತೇಕ ಸವಾರರಿಗೆ ಹೆಚ್ಚು ಪ್ರಯೋಜನಕಾರಿಯಾಗಿರುತ್ತದೆ.