ಇದು ಯಾವ ಟ್ಯಾಂಕು?

ಯಗಟಿ ಸೀಮೆಯಲ್ಲಿ ‘ಟ್ಯಾಂಕು’ ಅಂದರೆ ನಲ್ಲಿಗೆ ನೀರು ಬಿಡುವ ಎತ್ತರದ ಸಿಮೆಂಟ್ ತೊಟ್ಟಿ, ಇಲ್ಲವೇ ಬೈಕಿನ ಪೆಟ್ರೋಲ್ ಟ್ಯಾಂಕು. ಹಳೆಯ ಇಂಗ್ಲಿಷ್ ಕಡತಗಳಲ್ಲಿ ಅದೇ ಪದ ನಮ್ಮ ಕೆರೆಗೂ ಇದೆ. ಕಟ್ಟೆಯೂ ಟ್ಯಾಂಕೇ, ದೇವಸ್ಥಾನದ ಕಲ್ಯಾಣಿಯೂ ಟ್ಯಾಂಕೇ. ಅಂಥ ಕಡತ ಕನ್ನಡಕ್ಕೆ ತರುವವರು ಪ್ರತಿ ಸಲವೂ ನಿಂತು ಕೇಳಬೇಕು: ಇದು ಯಾವ ಟ್ಯಾಂಕು?

ತಮಾಷೆ ಅಂದರೆ ಪದ ಹೋದದ್ದೇ ಈ ಕಡೆಯಿಂದ. ಗುಜರಾತಿ, ಮರಾಠಿಯ ಮಾತಿಗೆ ಪೋರ್ಚುಗೀಸರ ‘ತಾಂಕೆ’ ಸೇರಿ ಇಂಗ್ಲಿಷಿಗೆ ಬಂತು ಎಂದು ನಿಘಂಟುಗಳು ಹೇಳುತ್ತವೆ. ಬಿ. ಎಲ್. ರೈಸ್ 1901ರಲ್ಲಿ ಕಡೂರು ಜಿಲ್ಲೆಯ ಶಾಸನಗಳ ಸಂಪುಟ ತಂದರು (ಆಗ ನಮ್ಮದು ಕಡೂರು ಜಿಲ್ಲೆ). ಶಾಸನದ ‘ಕೆರೆ’ ಅಲ್ಲಿ ಇಂಗ್ಲಿಷಿನ ‘ಟ್ಯಾಂಕ್’ ಆಯಿತು. 1915ರ ಕೊನೆಯಲ್ಲಿ ಬ್ರಿಟಿಷರು ಹೊಸ ಯುದ್ಧಗಾಡಿಯ ಗುಟ್ಟು ಕಾಯಲು ಅದನ್ನು ನೀರಿನ ಟ್ಯಾಂಕು ಎಂದು ಕರೆದರು. ಆ ಹೆಸರೇ ಅಂಟಿತು. ಸ್ವೀಡನ್ನಿನವರು ಜಾಣರು, ಆ ಗಾಡಿಗೆ ‘ಸ್ಟ್ರಿಡ್ಸ್‌ವಾಗ್ನ್’, ಅಂದರೆ ಕಾಳಗದ ಬಂಡಿ, ಎಂದು ತಮ್ಮದೇ ಹೆಸರಿಟ್ಟುಕೊಂಡರು. ನಾವು ಅದನ್ನೂ ಟ್ಯಾಂಕು ಅಂದೆವು.

ತೊಟ್ಟಿಗೆ ನಾಲ್ಕು ಗೋಡೆ ಸಾಕು. ಕೆರೆಗೆ ಏರಿ, ತೂಬು, ಕೋಡಿ, ಅಂಗಳ, ಅಚ್ಚುಕಟ್ಟು ಎಲ್ಲ ಬೇಕು. ಇಂಗ್ಲಿಷಿನ ‘ಟ್ಯಾಂಕ್ ಬೆಡ್’ ಕನ್ನಡದಲ್ಲಿ ಹಾಸಿಗೆಯಲ್ಲ, ಕೆರೆಯಂಗಳ. ಅಂಗಳ ಅಂದಾಗ ಅದು ಯಾರದೋ ಮನೆಯ ಜಾಗ ಅನ್ನಿಸುತ್ತದೆ, ಒತ್ತುವರಿ ಮಾಡುವವನಿಗೂ ಸ್ವಲ್ಪ ಹಿಂಜರಿಕೆ ಬರಬೇಕು. ಬರುವುದಿಲ್ಲ, ಅದು ಬೇರೆ ಮಾತು.

ನಮಗೆ ಹೆಚ್ಚು ಚುಚ್ಚುವುದು ಕೋಡಿಯ ಅನುವಾದ. ನೀರಾವರಿ ಕಡತಗಳಲ್ಲಿ ಅದು ‘ವೇಸ್ಟ್ ವಿಯರ್’. ವೇಸ್ಟ್ ಅಂದರೆ ದಂಡ. ಆ ಪದ ಓದಿ ಬೆಳೆದ ಎಂಜಿನಿಯರಿಗೆ ಹರಿದು ಹೋದ ನೀರು ನಷ್ಟವಾಗಿ ಕಾಣುವುದು ಸಹಜ. ನಮ್ಮಲ್ಲಿ ಕೋಡಿ ಬಿದ್ದರೆ ಬಾಗಿನ ಬಿಡುತ್ತೇವೆ. ಮೇಲಿನ ಕೆರೆಯ ಕೋಡಿ ಕೆಳಗಿನ ಕೆರೆಯ ಬದುಕು. ಕೋಡಿ ಹಳ್ಳ ಮುಚ್ಚಿ ತೋಟ ಮಾಡಿದರೆ ಒಣಗುವುದು ಪಕ್ಕದೂರು.

ಅಯ್ಯನಕೆರೆಯ ವೇದಾ, ಮದಗದ ಕೆರೆಯ ಆವತಿ, ಎರಡೂ ಕಡೂರಿನ ಹತ್ತಿರ ಸೇರಿ ವೇದಾವತಿ ಆಗುತ್ತದೆ. ಆ ನೀರು ಹಿರಿಯೂರು ಬಳಿಯ ವಾಣಿ ವಿಲಾಸ ಸಾಗರ ಸೇರುತ್ತದೆ. 1907ರಲ್ಲಿ ಮುಗಿದ ಆ ಜಲಾಶಯ 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಜನ ಸಾಲುಗಟ್ಟಿ ನೋಡಲು ಹೋದರು.