ದಿನಕ್ಕೆ ಹತ್ತೇ ರೂಪಾಯಿ

ಅಡಿಕೆ ಬೆಳೆಯುವವನಿಗೆ ಪೇಪರಿನಲ್ಲಿ ಮೊದಲು ಕಣ್ಣಿಗೆ ಬೀಳುವುದು ಧಾರಣೆ. ರಾಶಿ ಎಷ್ಟು, ಚಾಲಿ ಎಷ್ಟು, ಬೆಟ್ಟೆ ಎಷ್ಟು ಎಂದು ನೋಡದೆ ನಾನು ಯಾವ ಸುದ್ದಿಯನ್ನೂ ಓದಿದವನಲ್ಲ. ಉತ್ತರ ಕನ್ನಡದ ನಮ್ಮ ವಾನಳ್ಳಿ ಕಡೆಯ ಮನೆಮನೆಗೂ ಪರಿಚಯವಾದ ಓಸಿ ಜೂಜು ಕೂಡ ಹುಟ್ಟಿದ್ದು ಒಂದು ಧಾರಣೆಯಿಂದಲೇ, ಹತ್ತಿಯ ಧಾರಣೆಯಿಂದ.

ನ್ಯೂಯಾರ್ಕಿನ ಹತ್ತಿ ಮಾರುಕಟ್ಟೆ ತೆರೆಯುವಾಗಿನ ದರ, ಮುಚ್ಚುವಾಗಿನ ದರ ತಂತಿಯ ಮೂಲಕ ಮುಂಬಯಿಗೆ ಬರುತ್ತಿದ್ದವು. ಆ ಅಂಕಿಗಳ ಮೇಲೆ ಜನ ದುಡ್ಡು ಕಟ್ಟುತ್ತಿದ್ದರು. 1960ರ ದಶಕದ ಆರಂಭದಲ್ಲಿ ಆ ದರ ಬರುವುದು ನಿಂತಿತು, ಆಟ ನಿಲ್ಲಲಿಲ್ಲ. 1962ರಲ್ಲಿ ಕಲ್ಯಾಣ್‌ಜಿ ಭಗತ್ ವರ್ಲಿಯಲ್ಲಿ, 1964ರಲ್ಲಿ ರತನ್ ಖತ್ರಿ ಬೇರೆಯಾಗಿ ತಮ್ಮದೇ ಮಟ್ಕಾ ನಡೆಸತೊಡಗಿದರು. ಇಸ್ಪೀಟಿನ ಮೂರು ಎಲೆ ಎತ್ತುವುದು, ಕೂಡಿಸಿ ಕೊನೆಯ ಅಂಕಿ ಹಿಡಿಯುವುದು. ಅದು ಓಪನ್. ಮತ್ತೆ ಮೂರು ಎಲೆ, ಅದು ಕ್ಲೋಸ್. ಎರಡೂ ಸೇರಿ ಓಸಿ. ಹತ್ತಿ ಹೋಗಿ ಬರೀ ಅಂಕಿ ಉಳಿಯಿತು.

ಮುಂಬಯಿಯ ಜೊತೆ ನಮ್ಮ ನಂಟು ಹಳೆಯದು. 1862ರಿಂದ 1956ರವರೆಗೆ ಉತ್ತರ ಕನ್ನಡ ಮುಂಬಯಿ ಆಡಳಿತದಲ್ಲೇ ಇತ್ತು. ಹಾಗಾಗಿ ಮುಂಬಯಿಯ 1887ರ ಜೂಜು ತಡೆ ಕಾಯಿದೆ ನಮ್ಮ ಹಿರಿಯರಿಗೂ ಅನ್ವಯಿಸುತ್ತಿತ್ತು. ಮುಂದೆ ಮಳೆ ಬರುತ್ತದೋ ಇಲ್ಲವೋ ಎಂದು ಪಣ ಕಟ್ಟುವುದನ್ನೂ ಆ ಕಾಯಿದೆಗೆ ಸೇರಿಸಿದರು. ಆಷಾಢದಲ್ಲಿ ಅಂಗಳಕ್ಕೆ ಇಳಿಯಲಿಕ್ಕೂ ಬಿಡದ ನಮ್ಮ ಮಳೆಯ ಮೇಲೆ ‘ಬರುವುದಿಲ್ಲ’ ಎಂದು ಪಣ ಕಟ್ಟುವ ಗಿರಾಕಿ ಇಲ್ಲಿ ಸಿಕ್ಕಿರಲಾರ. ಆಮೇಲೆ ಬಂದದ್ದು 1963ರ ಕರ್ನಾಟಕ ಪೊಲೀಸ್ ಕಾಯಿದೆ. ಅದರ 78ನೇ ಕಲಮಿನಲ್ಲಿ ಹತ್ತಿ ದರದ ಅಂಕಿಗಳೂ ಇವೆ, ವಾಹನದ ನೋಂದಣಿ ಅಂಕಿಗಳೂ ಇವೆ. ಇವತ್ತಿಗೂ ಓಸಿ ಕೇಸು ಬೀಳುವುದು ಆ ಕಲಮಿನಡಿಯಲ್ಲೇ.

ಇಲ್ಲಿ ಆಟ ನಡೆಯುವ ರೀತಿ ಸರಳ. ಚಾ ಅಂಗಡಿಯ ಮಗ್ಗುಲಲ್ಲೋ ಬಸ್ಸು ನಿಲ್ಲುವಲ್ಲೋ ಓಸಿ ಬರೆಯುವವ ಒಬ್ಬ ಇರುತ್ತಾನೆ. ಸೊನ್ನೆ ಸೊನ್ನೆಯಿಂದ ತೊಂಬತ್ತೊಂಬತ್ತರವರೆಗೆ ಒಂದು ನಂಬರು ಹೇಳಿ ದುಡ್ಡು ಕೊಟ್ಟರೆ ಚೀಟಿ. ಹತ್ತಿದರೆ ಒಂದು ರೂಪಾಯಿಗೆ ಎಪ್ಪತ್ತೋ ಎಂಬತ್ತೋ. ಕನಸಿನಲ್ಲಿ ಹಾವು ಕಂಡರೆ ಒಂದು ನಂಬರು, ದಾರಿಯಲ್ಲಿ ಲಾರಿ ಕಂಡರೆ ಇನ್ನೊಂದು.

ಆಡುವವರಲ್ಲಿ ಎರಡು ಜಾತಿ. ನಮ್ಮ ನೆರೆಮನೆಯ ಹಿರಿಯರೊಬ್ಬರು ಮೊದಲನೆಯ ಜಾತಿ. ಕೇಳಿದರೆ, “ದಿನಾ ಹತ್ತೇ ರುಪಾಯಿ ತಮಾ, ಅದ್ಕಿಂತ ಜಾಸ್ತಿ ಹಾಕ್ತ್ನಿಲ್ಲೆ” ಎನ್ನುತ್ತಿದ್ದರು. ಹತ್ತಿದ ಮರುದಿನವೂ ಹತ್ತೇ, ಹೋದ ಮರುದಿನವೂ ಹತ್ತೇ. ಎರಡನೆಯ ಜಾತಿಯವರು ಹೋದದ್ದನ್ನು ಹಿಡಿಯಲು ದುಪ್ಪಟ್ಟು ಹಾಕುವವರು. ಹತ್ತು, ಇಪ್ಪತ್ತು, ನಲವತ್ತು ಎಂದು ಏರಿಸುತ್ತ ಏಳು ಸಲ ಸತತ ಹೋದರೆ 1,270 ರೂಪಾಯಿ ಮುಗಿದಿರುತ್ತದೆ, ಎಂಟನೆಯ ಸಲಕ್ಕೆ 1,280 ಬೇಕು. ಆ ದುಡ್ಡು ಬರುವುದು ಮರದ ಮೇಲಿರುವ ಅಡಿಕೆ ಕೊನೆಯ ಮೇಲಿನ ಸಾಲದಿಂದ.

ಸಾಲಕ್ಕೆ ಬೆಳೆ ಒಪ್ಪಿಸಿ ಸೋತ ಕಥೆ ನಮ್ಮ ಸೀಮೆಗೆ ಹೊಸದಲ್ಲ. ದಲಾಲರ ಹಿಡಿತದಿಂದ ಬೆಳೆಗಾರ ಬಿಡಿಸಿಕೊಳ್ಳಲಿ ಎಂದೇ ಶಿರಸಿಯಲ್ಲಿ 1923ರಲ್ಲಿ ತೋಟಗಾರ್ಸ್ ಸೇಲ್ ಸೊಸೈಟಿ ಕಟ್ಟಿದ್ದು. ಅದೇ 1923ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಜಾನ್ ಮೂರ್ಸ್ ಮತ್ತು ಅವನ ಇಬ್ಬರು ಗೆಳೆಯರು ಲಿಟಲ್‌ವುಡ್ಸ್ ಎಂಬ ಫುಟ್‌ಬಾಲ್ ಪೂಲ್, ಅಂದರೆ ಪಂದ್ಯಗಳ ಫಲಿತಾಂಶ ಊಹಿಸಿ ಕಾಸು ಕಟ್ಟುವ ಆಟ, ಶುರು ಮಾಡಿದರು. ಮ್ಯಾಂಚೆಸ್ಟರಿನ ಮೈದಾನದ ಹೊರಗೆ ಹಂಚಿದ 4,000 ಕೂಪನ್ನುಗಳಲ್ಲಿ ತುಂಬಿ ಬಂದದ್ದು 35. ಗೆಳೆಯರಿಬ್ಬರೂ ಕೈಬಿಟ್ಟರು, ಮೂರ್ಸ್ ಬಿಡಲಿಲ್ಲ, ಕೋಟ್ಯಧಿಪತಿಯಾದ. ಅವನನ್ನು ಬೆಳೆಸಿದ್ದು ವಾರವಾರ ತಪ್ಪದೆ ಚಿಲ್ಲರೆ ಕಾಸು ಕಳಿಸುತ್ತಿದ್ದ ಕೂಲಿಕಾರರು. ಒಂದೇ ರಾತ್ರಿಯಲ್ಲಿ ಮನೆ ಮಾರುವ ಜೂಜುಕೋರ ಹೆಚ್ಚು ದಿನ ಬಾಳುವ ಗಿರಾಕಿಯಲ್ಲ. ನೆರೆಮನೆಯವರಂಥ ಹತ್ತು ರೂಪಾಯಿಯವರು ಮೂವತ್ತು ವರ್ಷ ಬಾಳುತ್ತಾರೆ.

ಅವರ ಲೆಕ್ಕವನ್ನೇ ಬಿಡಿಸೋಣ. ನೂರು ದಿನಕ್ಕೆ ಸಾವಿರ ರೂಪಾಯಿ. ನೂರು ನಂಬರಿನಲ್ಲಿ ಸರಾಸರಿ ಒಂದು ಸಲ ಹತ್ತಿದರೆ, ಎಂಬತ್ತರ ದರದಲ್ಲಿ ಬರುವುದು ಎಂಟುನೂರು. ಅದೂ ಎಲ್ಲರಿಗೂ ಇಲ್ಲ: ಹೀಗೆ ಆಡುವ ನೂರು ಜನರಲ್ಲಿ ಸುಮಾರು 37 ಮಂದಿಗೆ ಆ ನೂರು ದಿನದಲ್ಲಿ ಒಂದು ಸಲವೂ ಹತ್ತುವುದಿಲ್ಲ. ಪಣ ಏರಿಸದೆ ಇದ್ದುದರಿಂದ ತೋಟ ಉಳಿಯಿತು. ನೂರಕ್ಕೆ ಇಪ್ಪತ್ತು ಮಾತ್ರ ಆಡಿಸುವವನಿಗೆ ತಪ್ಪದೆ ಹೋಯಿತು.

ಈಗ ಬೆಂಗಳೂರಿನಿಂದ ಹಬ್ಬಕ್ಕೆ ಬರುವ ನಮ್ಮ ಹುಡುಗರ ಬಾಯಲ್ಲಿ ಇದೇ ‘ಹತ್ತೇ ರೂಪಾಯಿ’ಯ ಮಾತು ಇಂಗ್ಲಿಷ್ ಫುಟ್‌ಬಾಲಿನ ಹೆಸರಲ್ಲಿ ಕೇಳಿಸುತ್ತದೆ. ಎಲ್ಲ ಪಂದ್ಯಕ್ಕೂ ಒಂದೇ ಮೊತ್ತ ಕಟ್ಟುವುದು ಒಂದು ‘ಪದ್ಧತಿ’ಯಂತೆ. ಹತ್ತು ರೂಪಾಯಿ ಕಟ್ಟಿ ಗೆದ್ದರೆ, ಕಟ್ಟಿದ್ದೂ ಸೇರಿ ಹತ್ತೊಂಬತ್ತು ಸಿಗುತ್ತದೆ ಎನ್ನೋಣ. ನೂರು ಪಂದ್ಯಕ್ಕೆ ಹೋಗುವುದು ಸಾವಿರ. 52 ಗೆದ್ದರೆ ಬರುವುದು 988, ನಷ್ಟ. 53 ಗೆದ್ದರೆ 1,007. ಎರಡರಲ್ಲೊಂದನ್ನು ಕುರುಡಾಗಿ ಊಹಿಸಿ ಐವತ್ತು ಗೆಲ್ಲುವವನಿಗೂ ಲಾಭ ಮಾಡುವವನಿಗೂ ನಡುವೆ ಇರುವುದು ಈ ಮೂರು ಪಂದ್ಯ. ಆ ಮೂರನ್ನು ತಂದುಕೊಡುವ ಶಕ್ತಿ ಆಟದ ತಿಳಿವಳಿಕೆಗೆ ಇದ್ದೀತು, ಒಂದೇ ಮೊತ್ತ ಕಟ್ಟುವ ಶಿಸ್ತಿಗೆ ಇಲ್ಲ. 2025ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರದ ಕಾಯಿದೆ ದುಡ್ಡು ಕಟ್ಟುವ ಆನ್‌ಲೈನ್ ಆಟವನ್ನೇ ನಿಷೇಧಿಸಿತು. ಓಸಿಯ ಮೇಲೆ ನಿಷೇಧ ಬಂದು ಅರವತ್ತು ವರ್ಷ ಕಳೆದರೂ ಚೀಟಿ ಬರೆಯುವವ ಸಿಗುತ್ತಾನೆ ಎಂಬುದನ್ನು ಕಂಡ ನಾನು ಕಾಯಿದೆಯ ಮೇಲೇ ಭಾರ ಹಾಕಿ ಕೂರಲಾರೆ.

ನನಗೆ ನಂಬಿಕೆ ಇರುವುದು ಜಮಾಖರ್ಚಿನ ಪುಸ್ತಕದಲ್ಲಿ. ನೆರೆಮನೆಯವರು ಆ ಹತ್ತು ರೂಪಾಯಿಯನ್ನು ಎಲೆ, ತಂಬಾಕಿನ ಸಾಲಿನಲ್ಲಿ, ಖರ್ಚಿನ ಬದಿಗೆ ಬರೆಯುತ್ತಿದ್ದರು. ಹತ್ತಿದ ದಿನ ಕೂಡ ಬಂದದ್ದನ್ನು ಉತ್ಪತ್ತಿ ಎಂದು ಕರೆದವರಲ್ಲ. ಹುಡುಗರು ಹಿಡಿದಿರುವುದು ಅದೇ ಹತ್ತು ರೂಪಾಯಿ, ಬರೆಯುತ್ತಿರುವುದು ಮಾತ್ರ ಜಮೆಯ ಬದಿಗೆ.