ಸುತ್ತಿಗೆಯ ಬಾಯಿಗೆ ಕಬ್ಬು: ಶ್ರೆಡರ್‌ಗೆ ಕಬ್ಬು ಉಣಿಸುವ ಕ್ರಮದ ಚರಿತ್ರೆ

ಸಕ್ಕರೆ ಕೈಗಾರಿಕೆಯ ತಾಂತ್ರಿಕ ಚರಿತ್ರೆಯಲ್ಲಿ ರೋಲರುಗಳ ಸಂಖ್ಯೆ, ಒತ್ತಡ, ಎಂಜಿನ್ನಿನ ಬಲ ಇವುಗಳ ಲೆಕ್ಕ ಧಾರಾಳವಾಗಿ ಸಿಗುತ್ತದೆ. ಕಬ್ಬು ಯಂತ್ರದ ಬಾಯಿಗೆ ಹೇಗೆ ಹೋಯಿತು ಎಂಬುದಕ್ಕೆ ಸಿಕ್ಕಿರುವ ಜಾಗ ಕಡಿಮೆ. ಕಬ್ಬನ್ನು ನಾರುನಾರಾಗಿ ಸೀಳುವ ಶ್ರೆಡರ್ ಬಲಗೊಂಡಂತೆಲ್ಲ ಅದಕ್ಕೆ ಕಬ್ಬು ಉಣಿಸುವ ಕ್ರಮವೇ ಹಿಂದೆ ಬಿತ್ತು ಎಂಬುದು ಈ ಲೇಖನದ ವಾದ.

ಕೆರಿಬಿಯನ್ ತೋಟಗಳಲ್ಲಿ ಗುಲಾಮರು ಗಾಣಕ್ಕೆ ಕೈಯಿಂದಲೇ ಕಬ್ಬು ಕೊಡುತ್ತಿದ್ದರು. ನಿದ್ದೆಗೆಟ್ಟವರ ಬೆರಳು ರೋಲರುಗಳ ನಡುವೆ ಸಿಕ್ಕರೆ ತೋಳು ಕಡಿಯಲೆಂದು ಪಕ್ಕದಲ್ಲಿ ಕೊಡಲಿ ಇರುತ್ತಿತ್ತು. 1759ರ ‘ಕ್ಯಾಂಡೀಡ್’ನಲ್ಲಿ ವಾಲ್ಟೇರ್ ಸುರಿನಾಮಿನ ಗುಲಾಮನೊಬ್ಬನ ಮೂಲಕ ಜಗತ್ತಿಗೆ ಕಾಣಿಸಿದ್ದು ಇದೇ ಸಂಗತಿಯನ್ನು. ಮುಂದಿನ ಶತಮಾನದಲ್ಲಿ ಬಂದ, ಕಬ್ಬನ್ನು ಗಾಣದವರೆಗೆ ಸಾಗಿಸುವ ಕೇನ್ ಕ್ಯಾರಿಯರ್ ಮನುಷ್ಯರ ಕೈಯನ್ನು ರೋಲರಿನಿಂದ ದೂರ ಮಾಡಿತು. ಅದನ್ನು ಬರೀ ನುರಿಸುವಿಕೆಯ ವೇಗದ ಲೆಕ್ಕದಲ್ಲಿ ಓದುವುದಕ್ಕೆ ನನ್ನ ಒಪ್ಪಿಗೆಯಿಲ್ಲ.

ರೋಲರ್ ಎಷ್ಟು ಒತ್ತಿದರೂ ರಸ ತುಂಬಿದ ಕೋಶಗಳೆಲ್ಲ ಒಡೆಯುವುದಿಲ್ಲ. ಅಮೆರಿಕದ ಸ್ಯಾಮ್ಯುಯೆಲ್ ಫಿಸ್ಕ್ 1880ರ ದಶಕದಲ್ಲಿ ರೂಪಿಸಿದ ಶ್ರೆಡರಿನಲ್ಲಿ ಹಲ್ಲುಳ್ಳ ಎರಡು ರೋಲರುಗಳು ಬೇರೆಬೇರೆ ವೇಗದಲ್ಲಿ ತಿರುಗಿ ಕಬ್ಬನ್ನು ಹರಿಯುತ್ತಿದ್ದವು. 20ನೆಯ ಶತಮಾನದ ಆರಂಭದಲ್ಲಿ ಹವಾಯಿಯ ಸರ್ಬಿ ಶ್ರೆಡರ್ ತೂಗಾಡುವ ಸುತ್ತಿಗೆಗಳನ್ನು ತಂದಿತು. ಅದರ ಸ್ಥಾನ ಸಾಮಾನ್ಯವಾಗಿ ಕ್ರಷರಿನ ನಂತರ. ಚಪ್ಪಟೆಯಾದ, ಹದವಾದ ಪದರವನ್ನು ಕ್ರಷರೇ ಒದಗಿಸುತ್ತಿದ್ದುದರಿಂದ ಉಣಿಸುವ ತೊಡಕು ಮರೆಯಲ್ಲೇ ಉಳಿಯಿತು. ಕ್ರಷರನ್ನು ಕೈಬಿಟ್ಟು, ಕತ್ತಿಗಳ ಕೆಳಗೆ ಹಾದುಬಂದ ಕಬ್ಬನ್ನು ನೇರವಾಗಿ ಶ್ರೆಡರಿಗೆ ಕೊಡತೊಡಗಿದ ಮೇಲೆ ಅದು ಬಯಲಾಯಿತು.

ಕಾರಣ ಸರಳವಾದ ಲೆಕ್ಕದಲ್ಲಿದೆ. ನಿಮಿಷಕ್ಕೆ 1,000 ಸುತ್ತು ತಿರುಗುವ ರೋಟರಿನಲ್ಲಿ ಸುತ್ತಿಗೆಗಳ 8 ಸಾಲುಗಳಿದ್ದರೆ, ಒಂದು ಸಾಲು ಹೋಗಿ ಇನ್ನೊಂದು ಬರುವ ಅಂತರ 7.5 ಮಿಲಿಸೆಕೆಂಡ್. ಸೆಕೆಂಡಿಗೆ 0.2 ಮೀಟರ್ ಸಾಗುವ ಕಬ್ಬು ಅಷ್ಟರಲ್ಲಿ ಒಳಗೆ ನುಗ್ಗುವುದು 1.5 ಮಿಲಿಮೀಟರ್ ಮಾತ್ರ. ಸುತ್ತಿಗೆಯ ತುದಿ ಅದನ್ನು ಸವರುತ್ತದೆ, ಹಿಂದಕ್ಕೆ ಎರಚುತ್ತದೆ. ರೋಟರ್ ಎಬ್ಬಿಸುವ ಗಾಳಿಯೂ ಎದುರಾಗುತ್ತದೆ. ಅದೇ ಕಬ್ಬು 2 ಮೀಟರ್ ಎತ್ತರದಿಂದ ತಡೆಯಿಲ್ಲದೆ ಬಿದ್ದರೆ ಅಷ್ಟೇ ಹೊತ್ತಿನಲ್ಲಿ ಸುಮಾರು 47 ಮಿಲಿಮೀಟರ್ ಒಳಹೋಗಬಲ್ಲದು. ಕಬ್ಬು ಇಳಿಯುವ ಕೊಳವೆಯಾದ ಚೂಟ್‌ನ ಗೋಡೆಯ ಘರ್ಷಣೆ ಕಳೆದರೂ ವ್ಯತ್ಯಾಸ ದೊಡ್ಡದೇ.

1970ರ ದಶಕದಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಬಂದ ಟೊಂಗಾಟ್ ಶ್ರೆಡರ್ ಈ ಕಡಿದಾದ ಇಳಿತವನ್ನೇ ನೆಚ್ಚಿತು. ಕಬ್ಬು ಮೇಲಿನಿಂದ ಬೀಳುತ್ತದೆ. ಅದನ್ನು ಒತ್ತಿ ಕೊಡುವ ಫೀಡ್ ರೋಲರ್ ಪದರವನ್ನು ಹದಗೊಳಿಸಿ ಮರುಚಿಮ್ಮುವಿಕೆಯನ್ನು ತಡೆಯುತ್ತದೆ. ಅಲ್ಲಿನ ಡಿಫ್ಯೂಷನ್ ವಿಧಾನದಲ್ಲಿ ರಸ ತೊಳೆದು ತೆಗೆಯಬೇಕಾದ್ದರಿಂದ ಬಹುತೇಕ ಕೋಶಗಳು ಮೊದಲೇ ಒಡೆದಿರಬೇಕು, ಆದರೆ ನಾರು ಉದ್ದವಾಗಿಯೇ ಉಳಿಯಬೇಕು. ಕ್ವೀನ್ಸ್‌ಲ್ಯಾಂಡಿನ ದಾರಿ ಬೇರೆ. 1970ರ ದಶಕದ ಕೊನೆಗೆ ಅಲ್ಲಿ ಕಟಾವು ಪೂರ್ತಿ ಯಂತ್ರದ್ದಾಯಿತು. ಆ ಯಂತ್ರ ಕತ್ತರಿಸಿ ಕೊಡುವ ತುಂಡು ಕಬ್ಬು ಚೂಟ್‌ನಲ್ಲಿ ಕಾಳಿನಂತೆ ಇಳಿಯುವುದರಿಂದ ಪದರದ ಎತ್ತರವನ್ನು ಹಿಡಿತದಲ್ಲಿಡುವುದು ಅಲ್ಲಿ ಸುಲಭ.

1934ರಲ್ಲಿ ಮಂಡ್ಯದ ಮೈಸೂರು ಸಕ್ಕರೆ ಕಾರ್ಖಾನೆ ಕಬ್ಬು ನುರಿಸತೊಡಗಿದಾಗಿನಿಂದ ಕರ್ನಾಟಕದ ಕಾರ್ಖಾನೆಗಳಿಗೆ ಬಂದದ್ದು ಮುಖ್ಯವಾಗಿ ಗಾಡಿ, ಟ್ರಾಕ್ಟರುಗಳ ಇಡೀ ಕಬ್ಬು. ಹೆಣೆದುಕೊಂಡ ಜಲ್ಲೆಗಳು ಕ್ಯಾರಿಯರಿನಲ್ಲಿ ಒಂದೆಡೆ ಗುಡ್ಡೆ, ಇನ್ನೊಂದೆಡೆ ಖಾಲಿ. ಇಲ್ಲಿ ಶ್ರೆಡರಿನ ಜಾಗದಲ್ಲಿ ಬಳಕೆಗೆ ಬಂದ ಫೈಬ್ರೈಜರ್ ಕ್ಯಾರಿಯರಿನ ತಲೆಯಲ್ಲೇ ಕೂರುತ್ತದೆ. ತಳದಲ್ಲಿ ಕಬ್ಬಿಗೆ ಎದುರಾಗಿ ತಿರುಗಿ, ಅದನ್ನು ಎತ್ತಿ ಮೇಲಿನ ಆನ್ವಿಲ್ ಎಂಬ ಲೋಹದ ಫಲಕಕ್ಕೆ ಉಜ್ಜುತ್ತದೆ. ಇದಕ್ಕೆ ಎತ್ತರದ ಚೂಟ್ ಬೇಡ, ಹಳೆಯ ಕಟ್ಟಡದಲ್ಲೂ ಕೂರಿಸಬಹುದು. ಆದರೆ ಬೀಳುವ ಕಬ್ಬಿನ ವೇಗದ ಲಾಭವಿಲ್ಲ. ಆ ಕೊರತೆ ತುಂಬಲು ಪದರವನ್ನು ಸಮಮಾಡುವ ಲೆವೆಲರ್, ಹೆಚ್ಚಾದ ಕಬ್ಬನ್ನು ಹಿಂದಕ್ಕೆ ತಳ್ಳುವ ಕಿಕ್ಕರ್, ಆಮೇಲೆ ತಾನಾಗಿ ಕಬ್ಬು ಉಣಿಸುವ ಆಟೋ ಕೇನ್ ಫೀಡಿಂಗ್ ಬಂದವು: ಫೈಬ್ರೈಜರ್ ಮೋಟಾರಿನ ಆಂಪಿಯರ್ ಏರಿದರೆ ಕ್ಯಾರಿಯರ್ ನಿಧಾನ, ಗಾಣಕ್ಕೆ ಕಬ್ಬು ಇಳಿಸುವ ಡಾನೆಲಿ ಚೂಟ್ ಖಾಲಿಯಾದರೆ ವೇಗ. ಈಗ ಕಟಾವು ಯಂತ್ರದ ತುಂಡು ಕಬ್ಬೂ ಇಡೀ ಜಲ್ಲೆಯೂ ಒಂದೇ ಕ್ಯಾರಿಯರಿಗೆ ಬೀಳುವ ಕಾರ್ಖಾನೆಗಳಲ್ಲಿ, ಎರಡನ್ನೂ ಒಂದೇ ಹದಕ್ಕೆ ತರುವ ಕೆಲಸ ಫೈಬ್ರೈಜರಿಗಿಂತ ಮೊದಲೇ, ಲೆವೆಲರಿನ ಹಂತದಲ್ಲೇ ಆಗಬೇಕು.